ಅಪ್ಪನಿಗೆ "ಗ್ಯಾಸ್" ಅಂದರು, ಕೊನೆಗೆ ಶ್ವಾಸಕೋಶದಲ್ಲಿ ರಕ್ತದ ಗಡ್ಡೆ. ನಿಮ್ಮ ಮನೆಯಲ್ಲೂ ಯಾರಿಗಾದರೂ ಹೀಗಾಗಿದೆಯಾ?

ಮುಧೋಳದ ಕಬ್ಬು · ಭಾನುವಾರ ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರಾಗಬೇಡಿ.

ನಮ್ಮ ಅಪ್ಪನಿಗೆ 61. ದೀಪಾವಳಿಗೆ ಮುಂಚೆ ಟ್ರೇಲರ್ ಮೇಲಿಂದ ಇಳಿಯುವಾಗ ಜಾರಿ ಬಲಗಾಲಿನ ಎಲುಬು ಮುರಿಯಿತು. ಆರು ವಾರ ಪ್ಲಾಸ್ಟರ್. ದಿನಾ ಹೊಲಕ್ಕೆ ಹೋಗಿ ಬರದಿದ್ದರೆ ಊಟ ಸೇರದ ಮನುಷ್ಯ ಪಡಸಾಲೆಯ ಮಂಚದ ಮೇಲೆಯೇ ಉಳಿದರು. ಪ್ಲಾಸ್ಟರ್ ಬಿಚ್ಚಿದಾಗ ಬಲಗಾಲಿನ ಮೀನಖಂಡ ಎಡಗಾಲಿಗಿಂತ ದಪ್ಪ ಇತ್ತು. ಪ್ಲಾಸ್ಟರ್ ಬಾವು ಇರಬೇಕು ಅಂತ ಬಿಟ್ಟೆವು.

ನಾಲ್ಕನೇ ದಿನ ನಸುಕಿನಲ್ಲಿ ಬಚ್ಚಲಿಗೆ ಹೋಗಿ ಬಂದವರು ಕಂಬ ಹಿಡಿದು ನಿಂತುಬಿಟ್ಟರು. ಮೈಯೆಲ್ಲ ಬೆವರು, ಮಾತಾಡಲು ಉಸಿರು ಸಾಲದು. ಹತ್ತಿರದ ದವಾಖಾನೆಗೆ ಕರೆದುಕೊಂಡು ಹೋದೆವು. ಇಸಿಜಿಯಲ್ಲಿ ಹೃದಯದ ಬಡಿತ ಜೋರಾಗಿದೆ, ಮತ್ತೇನಿಲ್ಲ ಅಂದರು. ಎದೆಯ ಎಕ್ಸ್‌ರೇ ಕ್ಲಿಯರ್. "ಗ್ಯಾಸ್ ಆಗೇತಿ, ಹೆದರಬ್ಯಾಡ್ರಿ" ಅಂತ ಒಂದು ಇಂಜೆಕ್ಷನ್ ಕೊಟ್ಟು, ಗುಳಿಗೆ ಬರೆದು ಕಳಿಸಿದರು. ಮರುದಿನ ಸಂಜೆ ಅಪ್ಪ ಚಕ್ಕರ್ ಬಂದು ಬಿದ್ದರು. 108ರಲ್ಲಿ ಬಾಗಲಕೋಟೆಗೆ ಒಯ್ದಾಗ ಆಕ್ಸಿಜನ್ 86. ಸಿಟಿ ಮಾಡಿ ನೋಡಿದರೆ ಎರಡೂ ಶ್ವಾಸಕೋಶದ ರಕ್ತನಾಳಗಳಲ್ಲಿ ಗಡ್ಡೆ. ಪಲ್ಮನರಿ ಎಂಬಾಲಿಸಂ ಅಂದರು. ಐಸಿಯುನಲ್ಲಿ ನಾಲ್ಕು ದಿನ ಇದ್ದು ಈಗ ಮನೆಗೆ ಬಂದಿದ್ದಾರೆ. ರಕ್ತ ತೆಳು ಮಾಡುವ ರಿವಾರಾಕ್ಸಬ್ಯಾನ್ ಗುಳಿಗೆ ನಡೆದಿದೆ.

ನಾನು ಕೇಳಬೇಕಾಗಿರುವುದು ಇಷ್ಟು. ಮೊದಲ ದಿನವೇ ಯಾಕೆ ಗೊತ್ತಾಗಲಿಲ್ಲ? ಇದು ಮತ್ತೆ ಬರುತ್ತಾ? ಗುಳಿಗೆ ಎಷ್ಟು ದಿನ? ಅಪ್ಪನದು ಮಾತ್ರ ಒಂದೇ ಪ್ರಶ್ನೆ: ಕಬ್ಬು ಕಡಿಯುವ ಗ್ಯಾಂಗ್ ಬಂದಿದೆ, ಹೊಲಕ್ಕೆ ಯಾವಾಗ ಹೋಗಲಿ?

ಜೋಳದ ರೊಟ್ಟಿ · 9:20

ಯಪ್ಪಾ, ದೊಡ್ಡ ಗಂಡಾಂತರದಿಂದ ಪಾರಾಗಿದ್ದಾರೆ. ಕಾಕಾ ಬೇಗ ಹುಷಾರಾಗಲಿ.

ಗೋಳಗುಮ್ಮಟ · 9:26

ನಮ್ಮ ಕಡೆ ಎದೆ ಹಿಡಿದರೂ ಗ್ಯಾಸ್, ಬೆನ್ನು ಹಿಡಿದರೂ ಗ್ಯಾಸ್. ಒಬ್ಬರು ಗ್ಯಾಸ್ ಅಂದರೆ ಸಾಕು, ಗುಮ್ಮಟದ ಒಳಗೆ ಕೂಗಿದಂತೆ ಏಳು ಸಲ ಗ್ಯಾಸ್ ಗ್ಯಾಸ್ ಅಂತ ಕೇಳಿಸುತ್ತೆ. ಆ ಡಾಕ್ಟರ್ ಮೇಲೆ ಕೇಸ್ ಹಾಕಿ.

ನಿದ್ದೆಗೆಟ್ಟ ಪಿಜಿ · 10:05

ಕೇಸ್ ಹಾಕುವ ಮುಂಚೆ ಸ್ವಲ್ಪ ತಾಳಿ. ನಾನು ಬೆಳಗಾವಿಯಲ್ಲಿ ಮೆಡಿಸಿನ್ ಎಂ.ಡಿ. ಮಾಡುತ್ತಿದ್ದೇನೆ, ಇವತ್ತು ಡ್ಯೂಟಿ ಇಲ್ಲ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಈ ಕಾಯಿಲೆಯ ದೊಡ್ಡ ತೊಂದರೆ ಏನೆಂದರೆ ಅದಕ್ಕೇ ಅಂತ ಒಂದು ಲಕ್ಷಣ ಇಲ್ಲ. ದಮ್ಮು, ಉಸಿರು ಎಳೆದಾಗ ಎದೆಯಲ್ಲಿ ಚುಚ್ಚುವ ನೋವು, ಕೆಮ್ಮಿದಾಗ ರಕ್ತ. ಈ ಮೂರೂ ಒಟ್ಟಿಗೆ ಇರುತ್ತವೆ ಅಂತ ಪುಸ್ತಕದಲ್ಲಿ ಓದಿ ವಾರ್ಡಿಗೆ ಬರುತ್ತೇವೆ. ಮೂರೂ ಇರುವ ಪೇಷಂಟ್ ಸಿಗೋದು ಕಡಿಮೆ. ಜಾಸ್ತಿ ಮಂದಿಗೆ ಇದ್ದಕ್ಕಿದ್ದಂತೆ ದಮ್ಮು, ಅಷ್ಟೇ. ಕೆಲವರಿಗೆ ಬರೀ ಚಕ್ಕರ್. ಎಕ್ಸ್‌ರೇ ಎಷ್ಟೋ ಸಲ ಕ್ಲಿಯರ್ ಆಗಿಯೇ ಇರುತ್ತೆ. ಇಸಿಜಿಯಲ್ಲಿ ಎಸ್1-ಕ್ಯೂ3-ಟಿ3 ಅನ್ನುವ ಗೆರೆಗಳ ಗುರುತು ಕಾಣುತ್ತೆ ಅಂತ ಪರೀಕ್ಷೆಗೆ ಬಾಯಿಪಾಠ ಮಾಡುತ್ತೇವೆ, ಆದರೆ ನಿಜವಾಗಿ ಕಾಣೋದು ಬಹುತೇಕ ವೇಗದ ಬಡಿತ ಮಾತ್ರ. ಹಾಗಾಗಿ ಆ ಡಾಕ್ಟರ್ ಮಾಡಿಸಿದ ಎರಡೂ ಟೆಸ್ಟ್ ಸುಳ್ಳು ಹೇಳಲಿಲ್ಲ.

ಆದರೆ ಒಂದು ಮಾತು. ಎದೆ ಕ್ಲಿಯರ್ ಇದೆ, ಆದರೂ ಮನುಷ್ಯನಿಗೆ ದಮ್ಮು ಇದೆ ಅಂದಾಗಲೇ ಅನುಮಾನ ಬರಬೇಕು. ಗ್ಯಾಸಿನಿಂದ ಆಕ್ಸಿಜನ್ ಇಳಿಯೋದಿಲ್ಲ. ಅವತ್ತು ಬೆರಳಿಗೆ ಮಷಿನ್ ಹಾಕಿದ್ದರಾ? ಮತ್ತೆ ಮುಖ್ಯವಾಗಿ, ಕಾಲು ನೋಡಿದ್ದರಾ?

ಮುಧೋಳದ ಕಬ್ಬು · 10:11

ಮಷಿನ್ ಹಾಕಿದ ನೆನಪಿಲ್ಲ ಸರ್. ಕಾಲು ನೋಡಲಿಲ್ಲ. ಅಪ್ಪ ಧೋತರ ಉಟ್ಟಿದ್ದರು, ನಾವೂ ತೋರಿಸಲಿಲ್ಲ. ಎದೆ ತಕರಾರು ಅಂತ ಹೋಗಿದ್ದೆವಲ್ಲ.

ನಿದ್ದೆಗೆಟ್ಟ ಪಿಜಿ · 10:34

ಅಲ್ಲೇ ಇರೋದು ವಿಷಯ. ಈ ಗಡ್ಡೆ ಎದೆಯಲ್ಲಿ ಹುಟ್ಟೋದಲ್ಲ. ಬಹುತೇಕ ಕಾಲಿನ ಒಳಗಿನ ದೊಡ್ಡ ರಕ್ತನಾಳದಲ್ಲಿ ಹುಟ್ಟಿ, ಅಲ್ಲಿಂದ ಕಿತ್ತು, ಹೃದಯದ ಬಲಭಾಗ ದಾಟಿ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುತ್ತೆ. ಮಲಗಿದ ಕಾಲಿನಲ್ಲಿ ರಕ್ತ ನಿಧಾನ ಆಗುತ್ತೆ, ಮುರಿದ ಕಡೆ ರಕ್ತನಾಳಕ್ಕೂ ಪೆಟ್ಟಾಗಿರುತ್ತೆ, ಗಾಯ ಆದಾಗ ರಕ್ತವೂ ಬೇಗ ಹೆಪ್ಪುಗಟ್ಟುತ್ತೆ. ಈ ಮೂರು ಕಾರಣಗಳಿಗೂ ಜರ್ಮನಿಯ ವಿರ್ಖೋವ್ ಹೆಸರೇ ಇದೆ, 19ನೇ ಶತಮಾನದವರು. ನಿಮ್ಮ ತಂದೆಯವರಿಗೆ ಮೂರೂ ಕೂಡಿಬಂದಿದ್ದವು.

ಇನ್ನೊಂದು. ಆರು ವಾರ ಪ್ಲಾಸ್ಟರಿನಲ್ಲಿದ್ದ ಮೀನಖಂಡ ಸೊರಗಿರಬೇಕು. ಪಾದದ ಗಂಟಿನ ಹತ್ತಿರ ಸ್ವಲ್ಪ ಬಾವು ಇದ್ದರೆ ಸರಿ. ಮೀನಖಂಡವೇ ಇನ್ನೊಂದು ಕಾಲಿಗಿಂತ ದಪ್ಪ ಇತ್ತು ಅಂದರೆ ಅದು ಪ್ಲಾಸ್ಟರ್ ಬಾವು ಅಲ್ಲ.

ಅನುಮಾನವನ್ನು ಲೆಕ್ಕ ಹಾಕೋಕೆ ವೆಲ್ಸ್ ಸ್ಕೋರ್ ಅಂತ ಇದೆ. ಬಡಿತ ನಿಮಿಷಕ್ಕೆ 100 ದಾಟಿದ್ದರೆ ಒಂದೂವರೆ ಅಂಕ. ಹಾಸಿಗೆ ಹಿಡಿದಿದ್ದರೆ ಒಂದೂವರೆ. ಕೆಮ್ಮಿನಲ್ಲಿ ರಕ್ತ ಬಂದರೆ ಒಂದು. ಕಾಲಿನಲ್ಲಿ ಗಡ್ಡೆಯ ಲಕ್ಷಣ ಇದ್ದರೆ ಪೂರ್ತಿ 3. ಒಟ್ಟು 4 ದಾಟಿದರೆ ಸೀದಾ ಸಿಟಿಗೆ ಕಳಿಸಬೇಕು. ಧೋತರ ಮೊಣಕಾಲ ತನಕ ಸರಿಸಿದ್ದರೆ ಅವತ್ತೇ 6 ಅಂಕ ಆಗುತ್ತಿತ್ತು.

ಗೋಳಗುಮ್ಮಟ · 10:40

ಹಾಗಾದರೆ ನನ್ನ ಮಾತೇ ಸರಿ ಆಯ್ತಲ್ಲ! ಡಾಕ್ಟರದ್ದೇ ತಪ್ಪು.

ನಿದ್ದೆಗೆಟ್ಟ ಪಿಜಿ · 10:43

ತಪ್ಪಿದೆ. ಆದರೆ ಬೆಳಿಗ್ಗೆ ನೂರು ಪೇಷಂಟ್ ನೋಡುವ ಕಡೆ ಒಮ್ಮೆ ಬಂದು ಕೂತು ನೋಡಿ ಅಂತ ಮಾತ್ರ ಹೇಳ್ತೀನಿ.

ಕುಂದಾ ಪೇಡೆ · 10:51

ಡಿ-ಡೈಮರ್ ಅಂತ ರಕ್ತದ ಟೆಸ್ಟ್ ಇದೆಯಲ್ಲ? ಅದನ್ನು ಎಲ್ಲ ಲ್ಯಾಬಿನಲ್ಲೂ ಮಾಡ್ತಾರೆ. ಕೋವಿಡ್ ಟೈಮಿನಲ್ಲಿ ನಮ್ಮ ಓಣಿಯಲ್ಲಿ ಎಲ್ಲರೂ ಮಾಡಿಸಿಕೊಂಡಿದ್ದರು. ಅದನ್ನು ಮಾಡಿಸಿದ್ದರೆ ಮುಗೀತಿತ್ತು.

ನಿದ್ದೆಗೆಟ್ಟ ಪಿಜಿ · 11:02

ಅದು ಉಲ್ಟಾ ಕೆಲಸ ಮಾಡುವ ಟೆಸ್ಟ್. ಅನುಮಾನ ಕಡಿಮೆ ಇದ್ದಾಗ ಅದು ನಾರ್ಮಲ್ ಬಂದರೆ ಗಡ್ಡೆ ಇಲ್ಲ ಅಂತ ಸಮಾಧಾನ ಪಡಬಹುದು. ಜಾಸ್ತಿ ಬಂದರೆ ಏನೂ ಹೇಳಿದಂತಾಗಲಿಲ್ಲ. ಬಸಿರು, ಸೋಂಕು, ಆಪರೇಷನ್, ಎಲುಬು ಮುರಿತ, ವಯಸ್ಸು, ಎಲ್ಲದಕ್ಕೂ ಏರುತ್ತೆ. ಈ ಕೇಸಿನಲ್ಲಿ ಟೆಸ್ಟಿನ ಹಂಗೇ ಇರಲಿಲ್ಲ.

ಸತ್ಯ ಹೇಳುವವ · 11:15

ಯಾರೂ ಬಾಯಿ ಬಿಡುತ್ತಿಲ್ಲ, ನಾನೇ ಹೇಳ್ತೀನಿ. ಇದೆಲ್ಲ ಲಸಿಕೆಯಿಂದ. ಮೊದಲು ನಮ್ಮೂರಲ್ಲಿ ಇಂಥ ಕಾಯಿಲೆ ಹೆಸರೇ ಕೇಳಿರಲಿಲ್ಲ.

ವಾರ್ಡ್ ಸಿಸ್ಟರ್ · ಸೋಮವಾರ ಬೆಳಿಗ್ಗೆ 6:48

ನೈಟ್ ಡ್ಯೂಟಿ ಮುಗಿಸಿ ಓದುತ್ತಿದ್ದೇನೆ. ಅಣ್ಣಾರ, 22 ವರ್ಷದಿಂದ ವಾರ್ಡಿನಲ್ಲಿದ್ದೇನೆ, ಮೊದಲೂ ನೋಡಿದ್ದೇನೆ. ಆಗ ಸಿಟಿ ಇರಲಿಲ್ಲ, "ಹಾರ್ಟ್ ಅಟ್ಯಾಕ್" ಅಂತ ಬರೆದು ಕಳಿಸುತ್ತಿದ್ದರು.

ನಿದ್ದೆಗೆಟ್ಟ ಪಿಜಿ · 7:30

ಸಿಸ್ಟರ್ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಆಸ್ಟ್ರಾಜೆನೆಕಾ ಲಸಿಕೆ, ಅಂದರೆ ನಮ್ಮ ಕೋವಿಶೀಲ್ಡ್, ಅದರಿಂದ ಅಪರೂಪಕ್ಕೆ ಗಡ್ಡೆ ಆಗಿದ್ದು ನಿಜ, ಮುಚ್ಚಿಡುವಂಥದ್ದೇನಿಲ್ಲ. ಆದರೆ ಅದು ಚುಚ್ಚಿಸಿಕೊಂಡ ಕೆಲವೇ ವಾರಗಳಲ್ಲಿ ಆಗುವಂಥದ್ದು, ಜೊತೆಗೆ ಪ್ಲೇಟ್‌ಲೆಟ್ ಇಳಿದಿರುತ್ತೆ. ವರ್ಷಗಳ ನಂತರ ಕಾಲು ಮುರಿದುಕೊಂಡವರಿಗೆ ಬಂದದ್ದನ್ನು ಅದರ ತಲೆಗೆ ಕಟ್ಟೋಕೆ ಆಗಲ್ಲ. ಕೋವಿಡ್ ಕಾಯಿಲೆಯಿಂದ ಆದ ಗಡ್ಡೆಗಳು ಅದಕ್ಕಿಂತ ಎಷ್ಟೋ ಜಾಸ್ತಿ.

ಸತ್ಯ ಹೇಳುವವ · 7:41

ನೀವು ಡಾಕ್ಟರುಗಳು ಹಾಗೇ ಹೇಳೋದು.

ವಾರ್ಡ್ ಸಿಸ್ಟರ್ · 8:02

ಮುಧೋಳದ ತಮ್ಮಾ, ಒಂದು ಕೇಳಲಾ? ಪ್ಲಾಸ್ಟರ್ ಬಿಚ್ಚಿದ ಮೇಲೆ ಕಾಲು ತಿಕ್ಕಿಸಿದಿರಾ?

ಮುಧೋಳದ ಕಬ್ಬು · 8:15

ಹೌದು ಅಕ್ಕಾರ. ಪಕ್ಕದ ಊರಿನ ಎಲುಬು ಕಟ್ಟುವವರು ಬಂದು ಮೂರು ದಿನ ಬಿಸಿ ಎಣ್ಣೆ ಹಚ್ಚಿ ತಿಕ್ಕಿದರು. ಅಪ್ಪನಿಗೆ ಹಿತ ಅನಿಸುತ್ತಿತ್ತು. ನಾನೇ ಬೈಕಿನಲ್ಲಿ ಕರೆತಂದಿದ್ದೆ.

ವಾರ್ಡ್ ಸಿಸ್ಟರ್ · 8:27

ಅದನ್ನೇ ಅಂದುಕೊಂಡೆ. ಒಂದೇ ಕಾಲು ಬಾತಿದ್ದರೆ ತಿಕ್ಕಬಾರದು. ಒಳಗೆ ಗಡ್ಡೆ ಇದ್ದರೆ ಕಿತ್ತು ಮೇಲಕ್ಕೆ ಹೋಗಬಹುದು. ಮೊದಲು ಡಾಪ್ಲರ್ ಮಾಡಿಸಿ, ಅದು ಕಾಲಿನ ಸ್ಕ್ಯಾನ್, ಸೂಜಿ ಇಲ್ಲ, ನೋವಿಲ್ಲ.

ಎಣ್ಣೆ ಗಾಣ · 9:10

ಇದು ಅತಿ ಆಯ್ತು. ನಮ್ಮ ಮುತ್ತಜ್ಜನ ಕಾಲದಿಂದ ಎಣ್ಣೆ ತಿಕ್ಕುತ್ತಿದ್ದೇವೆ. ಎಷ್ಟು ಮಂದಿ ಸತ್ತಿದ್ದಾರೆ?

ನಿದ್ದೆಗೆಟ್ಟ ಪಿಜಿ · 9:22

ತಿಕ್ಕಿದವರೆಲ್ಲ ಸಾಯಲ್ಲ, ನಿಜ. ಆದರೆ ಮಸಾಜ್ ನಂತರ ಗಡ್ಡೆ ಶ್ವಾಸಕೋಶಕ್ಕೆ ಹೋದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಇವರಿಗೆ ಅದರಿಂದಲೇ ಆಯ್ತು ಅಂತ ನಾನು ಹೇಳುತ್ತಿಲ್ಲ. ತಿಕ್ಕದಿದ್ದರೂ ಆಗಬಹುದಿತ್ತು. ಕಬ್ಬು ಅವರೇ, ಬೈಕಿನಲ್ಲಿ ಕರೆತಂದದ್ದನ್ನು ತಲೆಗೆ ಹಚ್ಚಿಕೊಳ್ಳಬೇಡಿ.

ಇಳಕಲ್ ಸೆರಗು · 10:30

ಓದುತ್ತಾ ಕೂತವಳಿಗೆ ನನ್ನ ತಂಗಿಯದು ನೆನಪಾಗಿ ಕೈ ನಡುಗಿತು.

ಮೂರು ವರ್ಷದ ಹಿಂದೆ ಅವಳಿಗೆ ಸಿಸೇರಿಯನ್ ಆಯ್ತು. ತವರಿಗೆ ಕರೆತಂದು ಬಾಣಂತನ. ನಮ್ಮ ಕಡೆ ಬಾಣಂತನ ಅಂದರೆ ಗೊತ್ತಲ್ಲ. ಕತ್ತಲೆ ಕೋಣೆ, ಮಂಚದ ಕೆಳಗೆ ಕೆಂಡ, ತಲೆಗೆ ಬಟ್ಟೆ, ನೆಲಕ್ಕೆ ಕಾಲು ಇಡುವಂತಿಲ್ಲ. ನೀರು ಅಳತೆ ಮೇಲೆ. ನೀರು ಕುಡಿದರೆ ಹೊಟ್ಟೆ ಬರುತ್ತೆ, ಕೂಸಿಗೆ ಶೀತ ಆಗುತ್ತೆ ಅಂತ. ಹನ್ನೆರಡನೇ ದಿನ ತೊಡೆ ನೋವು ಅಂದಳು. ಸೂಜಿ ಚುಚ್ಚಿದ ನೋವು ಅಂದರು ಅವ್ವ. ಹದಿಮೂರನೇ ದಿನ ಕೂಸಿಗೆ ಹಾಲು ಕುಡಿಸುವಾಗ ದಮ್ಮು ಹತ್ತಿತು, ಮುಖ ಬಿಳಚಿತು. "ಬಾಣಂತಿಗೆ ಗಾಳಿ ಸೋಕಿದೆ" ಅಂತ ಚಿಗವ್ವ ಇಂಗಿನ ಕಷಾಯ ಕುದಿಸೋಕೆ ಶುರು ಮಾಡಿದರು. ನನ್ನ ಗಂಡ ಯಾರ ಮಾತೂ ಕೇಳದೆ ಕಾರು ತೆಗೆದರು, ಅದಕ್ಕೆ ತಂಗಿ ಇವತ್ತು ಇದ್ದಾಳೆ.

ಮೂರು ತಿಂಗಳು ದಿನಾ ಹೊಟ್ಟೆಗೆ ರಕ್ತ ತೆಳು ಮಾಡುವ ಹೆಪಾರಿನ್ ಜಾತಿಯ ಸೂಜಿ ಚುಚ್ಚಿದೆವು. ಹಾಲು ಕುಡಿಸುತ್ತಿದ್ದಳು, ಅದಕ್ಕೆ ಈ ಹೊಸ ಗುಳಿಗೆ ಕೊಡಲಿಲ್ಲ. ಹೊಟ್ಟೆಯೆಲ್ಲ ನೀಲಿ ನೀಲಿ ಆಗಿತ್ತು.

ಜೋಳದ ರೊಟ್ಟಿ · 10:44

ಕೆಂಡದ ಕಾವು ಒಳ್ಳೆಯದೇ ರೀ. ಎಲ್ಲವನ್ನೂ ಬೈಯಬೇಡಿ. ನನ್ನ ಮೂರೂ ಬಾಣಂತನ ಹಾಗೇ ಆಗಿವೆ.

ಇಳಕಲ್ ಸೆರಗು · 10:52

ಕಾವು ಇರಲಿ, ಅಂಟಿನ ಉಂಡಿಯೂ ಇರಲಿ ಅಕ್ಕಾರ. ನೀರು ಕೊಡಿ, ಎದ್ದು ಓಡಾಡೋಕೆ ಬಿಡಿ ಅಂತ ಅಷ್ಟೇ ನಾನು ಹೇಳೋದು.

ವಾರ್ಡ್ ಸಿಸ್ಟರ್ · 11:20

ಸೆರಗು ಅವರ ಮಾತಿಗೆ ನೂರಕ್ಕೆ ನೂರು. ಹೆರಿಗೆ ಆದ ಮೊದಲ ಆರು ವಾರ ಬಸಿರಿನ ತಿಂಗಳುಗಳಿಗಿಂತಲೂ ಅಪಾಯ ಜಾಸ್ತಿ, ಸಿಸೇರಿಯನ್ ಆಗಿದ್ದರೆ ಇನ್ನೂ ಜಾಸ್ತಿ. ಬಾಣಂತಿಯರಿಗೆ ಮೆದುಳಿನ ರಕ್ತನಾಳದಲ್ಲೂ ಗಡ್ಡೆ ಆಗುತ್ತೆ. ತಲೆನೋವು, ಫಿಟ್ಸ್ ಅಂತ ಬರುತ್ತಾರೆ.

ಸವದತ್ತಿ ಹಾದಿ · 12:05

ಬೇರೆ ವಿಷಯ, ಆದರೂ ಕೇಳ್ತೀನಿ. ಬನದ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಹೋಗುವಾಗ ನಮ್ಮ ಮನೆಯ ಹೆಣ್ಣುಮಕ್ಕಳು ಮುಟ್ಟು ಮುಂದೆ ಹಾಕುವ ಗುಳಿಗೆ ತಗೋತಾರೆ. ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೇಳಿದರೆ ಕೊಡ್ತಾರೆ. ಅದರಿಂದಲೂ ಹೀಗಾಗುತ್ತಾ?

ನಿದ್ದೆಗೆಟ್ಟ ಪಿಜಿ · 1:15

ಹೆಚ್ಚಿನವರಿಗೆ ಏನೂ ಆಗಲ್ಲ. ಆದರೆ ಅದರಲ್ಲಿರುವ ನಾರೆಥಿಸ್ಟೆರಾನಿನ ಸ್ವಲ್ಪ ಭಾಗ ದೇಹದಲ್ಲಿ ಈಸ್ಟ್ರೋಜನ್ ಆಗಿ ಬದಲಾಗುತ್ತೆ, ಅದು ಹೆಪ್ಪುಗಟ್ಟುವುದನ್ನು ಹೆಚ್ಚಿಸುತ್ತೆ. ಹಿಂದೆ ಗಡ್ಡೆ ಆಗಿದ್ದವರು, ಮನೆಯಲ್ಲಿ ಅಪ್ಪ ಅವ್ವ ಅಣ್ಣ ತಮ್ಮಂದಿರಿಗೆ ಆಗಿದ್ದವರು, ತುಂಬ ದಪ್ಪ ಇರುವವರು ಡಾಕ್ಟರನ್ನು ಕೇಳದೆ ತಗೋಬಾರದು. ಗರ್ಭನಿರೋಧಕ ಗುಳಿಗೆಗೂ ಇದೇ ಮಾತು.

ಸ್ಲೀಪರ್ ಕೋಚ್ · 2:30

ನಾನು ವಾರಕ್ಕೊಮ್ಮೆ ವಿಜಯಪುರದಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋಗ್ತೀನಿ. ಹತ್ತು ತಾಸು. ನನಗೂ ಬರುತ್ತಾ? ಮಲಗಿಕೊಂಡೇ ಹೋಗ್ತೀನಿ, ಕಾಲು ಇಳಿಬಿಡಲ್ಲ.

ಗೋಳಗುಮ್ಮಟ · 2:34

ಆ ರಸ್ತೆಯಲ್ಲಿ ಗಡ್ಡೆ ಇದ್ದರೂ ಕುಲುಕಿ ಕರಗುತ್ತೆ ಬಿಡಿ.

ನಿದ್ದೆಗೆಟ್ಟ ಪಿಜಿ · 3:10

ನಾಲ್ಕು ತಾಸಿಗಿಂತ ಉದ್ದದ ಪ್ರಯಾಣದಲ್ಲಿ ಅಪಾಯ ಸ್ವಲ್ಪ ಏರುತ್ತೆ, ಆರೋಗ್ಯವಂತರಿಗೆ ಆದರೂ ಅದು ಬಹಳ ಚಿಕ್ಕದು. ನೀರು ಕುಡಿಯಿರಿ, ಪಾದ ಮೇಲೆ ಕೆಳಗೆ ಮಾಡ್ತಿರಿ, ಬಸ್ ನಿಂತಾಗ ಇಳಿದು ನಡೆಯಿರಿ.

ಕುಣಿ ಮಗ್ಗ · 3:40

ಹಾಗಿದ್ದರೆ ನಾವು ನೇಕಾರರು ದಿನಕ್ಕೆ ಹತ್ತು ತಾಸು ಕುಣಿಯಲ್ಲಿ ಕಾಲು ಬಿಟ್ಟು ಕೂರ್ತೀವಿ. ನಮಗೆಲ್ಲ ಆಗಬೇಕಿತ್ತು.

ವಾರ್ಡ್ ಸಿಸ್ಟರ್ · 4:05

ನೀವು ಕಾಲು ತುಳಿಯುತ್ತಲೇ ಇರ್ತೀರಲ್ಲ ಅಣ್ಣಾರ! ನಾವು ಆಪರೇಷನ್ ಪೇಷಂಟಿಗೆ ಹಾಸಿಗೆ ಮೇಲೆ ಮಾಡಿಸೋದೂ ಅದನ್ನೇ. ಮೀನಖಂಡ ಹಿಂಡಿದಂತೆಲ್ಲ ರಕ್ತ ಮೇಲಕ್ಕೆ ಹೋಗುತ್ತೆ.

ಮುಧೋಳದ ಕಬ್ಬು · 8:50

ಎಲ್ಲರಿಗೂ ಧನ್ಯವಾದ. ಮುಂದೇನು ಅನ್ನೋದೇ ಚಿಂತೆ. ರಕ್ತ ತೆಳು ಮಾಡುವ ಗುಳಿಗೆ ಗಡ್ಡೆಯನ್ನು ಎಷ್ಟು ದಿನದಲ್ಲಿ ಕರಗಿಸುತ್ತೆ?

ನಿದ್ದೆಗೆಟ್ಟ ಪಿಜಿ · 10:20

ಗುಳಿಗೆ ಕರಗಿಸೋದಿಲ್ಲ. ಗಡ್ಡೆ ಬೆಳೆಯದಂತೆ, ಹೊಸದು ಕಟ್ಟದಂತೆ ತಡೆಯುತ್ತೆ. ಕರಗಿಸೋದು ದೇಹವೇ, ನಿಧಾನಕ್ಕೆ. ಬಿಪಿ ಬಿದ್ದುಹೋಗಿ ಶಾಕ್‌ನಲ್ಲಿ ಬಂದವರಿಗೆ ಮಾತ್ರ ಕರಗಿಸುವ ಇಂಜೆಕ್ಷನ್ ಕೊಡ್ತೀವಿ, ಆಲ್ಟೆಪ್ಲೇಸ್ ಥರದ್ದು. ಅದರಿಂದ ಮೆದುಳಿನಲ್ಲಿ ರಕ್ತಸ್ರಾವ ಆಗುವ ಭಯ ಇದೆ, ಹಾಗಾಗಿ ಎಲ್ಲರಿಗೂ ಕೊಡಲ್ಲ.

ಯಾರು ಉಳೀತಾರೆ ಅನ್ನೋದು ಗಡ್ಡೆ ಎಷ್ಟು ದೊಡ್ಡದು ಅನ್ನೋದಕ್ಕಿಂತ ಹೃದಯ ಅದನ್ನು ಹೇಗೆ ತಡೆಯಿತು ಅನ್ನೋದರ ಮೇಲಿದೆ. ಬಿಪಿ ಸರಿ ಇದ್ದು, ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿನಲ್ಲಿ, ಬಲಭಾಗ ಹಿಗ್ಗದೇ ಇದ್ದರೆ ಬಹುತೇಕ ಎಲ್ಲರೂ ನಡೆದುಕೊಂಡೇ ಮನೆಗೆ ಹೋಗ್ತಾರೆ. ಶಾಕ್‌ನಲ್ಲಿ ಬಂದವರಲ್ಲಿ ನಾಲ್ವರಲ್ಲಿ ಒಬ್ಬರನ್ನಾದರೂ ಕಳೆದುಕೊಳ್ಳುತ್ತೇವೆ.

ಔಷಧ ಕೊಡದಿದ್ದರೆ ಏನಾಗುತ್ತಿತ್ತು ಅನ್ನೋದಕ್ಕೂ ಲೆಕ್ಕ ಇದೆ. 1960ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಬ್ಯಾರಿಟ್ ಮತ್ತು ಜೋರ್ಡನ್ ಅನ್ನುವವರು 35 ಪೇಷಂಟ್‌ಗಳನ್ನು ಎರಡು ಗುಂಪು ಮಾಡಿದರು. ಔಷಧ ಇಲ್ಲದ 19 ಮಂದಿಯಲ್ಲಿ ಐವರು ಇದೇ ಕಾಯಿಲೆಯಿಂದ ಸತ್ತರು, ಇನ್ನೈವರಿಗೆ ಮತ್ತೆ ಗಡ್ಡೆ ಬಂತು. ಔಷಧ ಪಡೆದ 16 ಮಂದಿಯಲ್ಲಿ ಇದರಿಂದ ಒಬ್ಬರೂ ಸಾಯಲಿಲ್ಲ. ಆಮೇಲೆ ಔಷಧ ಕೊಡದೆ ಪ್ರಯೋಗ ಮಾಡುವ ಧೈರ್ಯ ಯಾರಿಗೂ ಬರಲಿಲ್ಲ.

ನಿಮ್ಮ ತಂದೆಯವರಿಗೆ ಕಾರಣ ಕಣ್ಣೆದುರಿಗೇ ಇದೆ, ಮುರಿದ ಕಾಲು. ಇಂಥವರಿಗೆ ಸಾಮಾನ್ಯವಾಗಿ ಮೂರು ತಿಂಗಳು ಸಾಕು, ಮತ್ತೆ ಬರುವ ಸಂಭವ ಕಡಿಮೆ. ಕಾರಣವೇ ಇಲ್ಲದೆ ಬಂದವರ ಕಥೆ ಬೇರೆ. ಗುಳಿಗೆ ನಿಲ್ಲಿಸಿದ ಮೊದಲ ವರ್ಷದಲ್ಲೇ ನೂರರಲ್ಲಿ ಹತ್ತು ಮಂದಿಗೆ ಮರಳಿ ಬರುತ್ತೆ, ಅವರಿಗೆ ವರ್ಷಗಟ್ಟಲೆ ನಡೆಸ್ತೀವಿ. ಅಂಥವರಲ್ಲಿ ಒಮ್ಮೊಮ್ಮೆ ಹಿಂದೆ ಕ್ಯಾನ್ಸರ್ ಅಡಗಿರುತ್ತೆ.

ಮೂರು ತಿಂಗಳಾದರೂ ಮೆಟ್ಟಿಲು ಹತ್ತಿದರೆ ದಮ್ಮು ಬರುತ್ತಿದ್ದರೆ ಎಕೋ ಮಾಡಿಸಿ. ನೂರರಲ್ಲಿ ಎರಡು ಮೂರು ಮಂದಿಗೆ ಗಡ್ಡೆ ಕರಗದೆ ಗಟ್ಟಿಯಾಗಿ ಶ್ವಾಸಕೋಶದ ಒತ್ತಡ ಏರುತ್ತೆ. ಅದಕ್ಕೂ ಚಿಕಿತ್ಸೆ ಇದೆ.

ಹಕ್ಕರಕಿ ಪಲ್ಯ · 10:41

ಸೊಪ್ಪು ತಿನ್ನಬಾರದು ಅಂತಾರಲ್ಲ? ನಮ್ಮ ಮಾವನವರಿಗೆ ಮೆಂತ್ಯ, ಹಕ್ಕರಕಿ ಎಲ್ಲ ಬಂದ್ ಮಾಡಿದ್ದರು. ರೊಟ್ಟಿ ಜೊತೆ ಹಸಿ ಸೊಪ್ಪು ಇಲ್ಲದೆ ಅವರಿಗೆ ಊಟವೇ ಅಲ್ಲ.

ನಿದ್ದೆಗೆಟ್ಟ ಪಿಜಿ · 10:50

ಅವರು ವಾರ್ಫರಿನ್ ಮೇಲೆ ಇರಬೇಕು, ಅದು ರಕ್ತ ತೆಳು ಮಾಡುವ ಹಳೆಯ ಗುಳಿಗೆ. ಸೊಪ್ಪಿನ ವಿಟಮಿನ್ ಕೆ ಅದರ ಶಕ್ತಿ ತಗ್ಗಿಸುತ್ತೆ. ಪೂರ್ತಿ ಬಿಡೋದು ಬೇಡ, ದಿನಾ ಹೆಚ್ಚುಕಡಿಮೆ ಅಷ್ಟೇ ತಿನ್ನಲಿ. ಐಎನ್ಆರ್, ಅಂದರೆ ರಕ್ತ ಎಷ್ಟು ತೆಳುವಾಗಿದೆ ಅಂತ ನೋಡುವ ಟೆಸ್ಟ್, 2ರಿಂದ 3ರ ನಡುವೆ ಇದ್ದರೆ ಸಾಕು. ರಿವಾರಾಕ್ಸಬ್ಯಾನ್‌ಗೆ ಈ ಪಥ್ಯ ಇಲ್ಲ.

ಗೋಳಗುಮ್ಮಟ · 10:55

ವಾರ್ಫರಿನ್ ಅಂದರೆ ಇಲಿ ಪಾಷಾಣ ಅಲ್ವಾ? ಎಲ್ಲೋ ಓದಿದ್ದೆ.

ನಿದ್ದೆಗೆಟ್ಟ ಪಿಜಿ · 11:01

ಹೌದು, ನಗಬೇಡಿ. ಅಮೆರಿಕದಲ್ಲಿ ಕೆಟ್ಟ ಮೇವು ತಿಂದ ದನಗಳು ರಕ್ತ ಸೋರಿ ಸಾಯುತ್ತಿದ್ದವು. ಆ ಮೇವಿನಲ್ಲಿದ್ದದ್ದನ್ನು ಹುಡುಕುತ್ತಾ ಹೋಗಿ ಸಿಕ್ಕಿದ್ದು ಇದು. 1948ರಲ್ಲಿ ಇಲಿ ಪಾಷಾಣ, 1954ರಲ್ಲಿ ಮನುಷ್ಯರಿಗೆ ಔಷಧ.

ಜೋಳದ ರೊಟ್ಟಿ · 11:03

ಅಯ್ಯ! ನಮ್ಮ ಅತ್ತೆಗೆ ಇದನ್ನು ಹೇಳಬೇಡ್ರಪ್ಪಾ, ಗುಳಿಗೆ ಬಿಟ್ಟುಬಿಡ್ತಾರೆ.

ವಾರ್ಡ್ ಸಿಸ್ಟರ್ · ಮಂಗಳವಾರ 7:05

ತಮ್ಮಾ, ಎರಡು ನೆನಪಿಡು. ರಿವಾರಾಕ್ಸಬ್ಯಾನ್ ಊಟದ ಜೊತೆಯೇ ತಗೋಬೇಕು, ಖಾಲಿ ಹೊಟ್ಟೆಯಲ್ಲಿ ಸರಿಯಾಗಿ ಮೈಗೆ ಹತ್ತಲ್ಲ. ಹೋದ ಶ್ರಾವಣದಲ್ಲಿ ಒಬ್ಬ ಅಜ್ಜ ಸೋಮವಾರ ಉಪವಾಸ ಅಂತ ಬರೀ ನೀರಿನಲ್ಲಿ ನುಂಗುತ್ತಿದ್ದರು, ಕಾಲು ಮತ್ತೆ ಬಾತುಕೊಂಡು ಬಂದರು. ಮೊದಲ 21 ದಿನ 15 ಎಂಜಿ ಎರಡು ಹೊತ್ತು, ಆಮೇಲೆ 20 ಎಂಜಿ ಒಂದೇ ಹೊತ್ತು. ಚೀಟಿ ಜೊತೆ ತಾಳೆ ನೋಡು. ಎರಡನೇದು, ಕಾಲು ನೋವು ಅಂತ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ತಂದು ಕೊಡಬೇಡ, ರಕ್ತಸ್ರಾವ ಆಗುತ್ತೆ. ಕಪ್ಪು ಮಲ ಕಂಡರೆ ಕೂಡಲೇ ಕರೆದುಕೊಂಡು ಹೋಗು.

ಮುಧೋಳದ ಕಬ್ಬು · ಶನಿವಾರ ಸಂಜೆ 6:20

ಇವತ್ತು ತೋರಿಸಿಕೊಂಡು ಬಂದೆವು. ಆಕ್ಸಿಜನ್ 97. ಮೂರು ತಿಂಗಳು ಗುಳಿಗೆ, ಆಮೇಲೆ ಎಕೋ ನೋಡಿ ನಿಲ್ಲಿಸೋಣ ಅಂದರು. ನಡೆಯೋಕೆ ಹೇಳಿದ್ದಾರೆ, ಭಾರ ಎತ್ತುವಂತಿಲ್ಲ. ಕೋಯ್ತಾ ಮುಟ್ಟುವಂತಿಲ್ಲ, ಗಾಯವಾದರೆ ರಕ್ತ ನಿಲ್ಲಲ್ಲ ಅಂತ. ಅಪ್ಪ ಬದುವಿನ ಮೇಲೆ ಕುರ್ಚಿ ಹಾಕಿಸಿಕೊಂಡು ಗ್ಯಾಂಗಿನವರ ಮೇಲೆ ಕೂಗಾಡುತ್ತಿದ್ದಾರೆ. ದರ್ಜಿ ಹತ್ತಿರ ಟೇಪ್ ತಂದು ದಿನಾ ಎರಡೂ ಮೀನಖಂಡ ಅಳೆದು ಗೋಡೆಯ ಕ್ಯಾಲೆಂಡರ್ ಮೇಲೆ ಬರೆಯುತ್ತಾರೆ. ನೋಡೋಕೆ ಬಂದವರಿಗೂ ಬಿಡಲ್ಲ, "ಕಾಲು ತೋರಸ್ರಿ" ಅಂತಾರೆ.

ಕುಂದಾ ಪೇಡೆ · 6:31

ಕಾಕಾ ಅರ್ಧ ಡಾಕ್ಟರ್ ಆದರು 😀

ಕುಣಿ ಮಗ್ಗ · 7:48

ಈ ಟೇಪ್ ವಿಷಯ ಓದಿ ನಮ್ಮ ಅವ್ವನ ಕಾಲು ಅಳೆದೆ. ಮೊಣಕಾಲು ಆಪರೇಷನ್ ಆಗಿ ಹದಿನೈದು ದಿನ. ಎಡದ ಮೀನಖಂಡ 37 ಸೆಂಟಿಮೀಟರ್, ಬಲದ್ದು 33. ಮುಟ್ಟಿದರೆ ಬಿಸಿ. ಆಪರೇಷನ್ ಆದದ್ದೂ ಎಡಗಾಲೇ. ದಮ್ಮು ಇಲ್ಲ, ಆರಾಮಾಗಿ ಕೂತು ಮಾತಾಡ್ತಿದ್ದಾರೆ. ಸೋಮವಾರ ಹೇಗೂ ಹೊಲಿಗೆ ತೋರಿಸೋಕೆ ಹೋಗೋದಿದೆ. ಅಲ್ಲೀ ತನಕ ಇರಬಹುದಾ?

ವಾರ್ಡ್ ಸಿಸ್ಟರ್ · 7:50

ಬೇಡ. ಈಗಲೇ ಹೊರಡಿ. ಕಾಲು ತಿಕ್ಕಬೇಡಿ.

ನಿದ್ದೆಗೆಟ್ಟ ಪಿಜಿ · 7:52

ಸಿಸ್ಟರ್ ಹೇಳಿದ್ದೇ. ಡಾಪ್ಲರ್ ರಾತ್ರಿಯೂ ಆಗುವ ಕಡೆಗೆ ಹೋಗಿ. ದಾರಿಯಲ್ಲಿ ದಮ್ಮು ಹತ್ತಿದರೆ ಹತ್ತಿರದ ಕಡೆ ನಿಲ್ಲಿಸಿ ಆಕ್ಸಿಜನ್ ಹಾಕಿಸಿ.

ಕುಣಿ ಮಗ್ಗ · 8:09

ಗಾಡಿ ತೆಗೆದೆವು. ಅವ್ವ "ಊಟ ಮಾಡಿ ಹೋಗೋಣ" ಅಂತ ಬೈತಿದ್ದಾರೆ.